ಹಾಡು ಫೋನಲ್ಲಿದೆ, ಹೆಸರೆಲ್ಲಿದೆ?

ಮಳೆಗಾಲ ಜೋರಾದರೆ ನಮ್ಮ ಕಡೆ ಜನ ಮನೆಯಲ್ಲಿ ಸಿಗುತ್ತಾರೆ. ಕೊಳೆ ಔಷಧ ಹೊಡೆಯುವ ದಿನ ಬಿಟ್ಟರೆ ತೋಟಕ್ಕೆ ಓಡುವ ಗಡಿಬಿಡಿ ಇಲ್ಲ. ಅಲ್ಲಲ್ಲಿ ತಾಳಮದ್ದಳೆ ಕೂಡುತ್ತದೆ. ಮಧ್ಯಾಹ್ನ ಊಟವಾದ ಮೇಲೆ ಜಗಲಿಯಲ್ಲಿ ಕೂತ ಹೆಂಗಸರು, ಒಬ್ಬರು ಶುರು ಮಾಡಿದರೆ ಇನ್ನೊಬ್ಬರು ಸೇರಿಸಿ, ಮದುವೆಯ ಹಾಡು ನಾಲ್ಕಾರು ಹೇಳಿಯೇ ಬಿಡುತ್ತಾರೆ. ನಾವು ಹಾಡು ಹಿಡಿಯಲು ಹೊರಡುವುದು ಈ ದಿನಗಳಲ್ಲೇ.

ನಾವು ಅಂದರೆ ಶಿರಸಿಯಲ್ಲಿರುವ ಈ ವರದಿಗಾರ, ಜೊತೆಗೆ ಸಿದ್ದಾಪುರ ಮತ್ತು ಯಲ್ಲಾಪುರದ ಇಬ್ಬರು ಗೆಳೆಯರು. ಮೂವರದೂ ಹೊಟ್ಟೆಪಾಡು ಬೇರೆ. ರೆಕಾರ್ಡಿಂಗ್ ಸ್ಟುಡಿಯೊ ಎಂದು ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಉಪ್ಪರಿಗೆಯ ಒಂದು ಕೋಣೆ, ಗೋಡೆಗೆ ನೇತುಹಾಕಿದ ಎರಡು ಕಂಬಳಿ, ಒಂದು ಹಳೆಯ ಲ್ಯಾಪ್‌ಟಾಪ್, ಎರಡು ಮೈಕು, ಕೈಯಲ್ಲಿ ಹಿಡಿಯುವ ಒಂದು ರೆಕಾರ್ಡರ್. ಸಾಮಾನಿನ ಬಗ್ಗೆ ಬೇಕಾದಷ್ಟು ವಿಡಿಯೊಗಳಿವೆ, ಅದನ್ನು ಇಲ್ಲಿ ಬರೆಯುವುದಿಲ್ಲ. ನಾವು ಹೇಳಹೊರಟಿದ್ದು ಹಿಡಿದ ಹಾಡನ್ನು ಎಲ್ಲಿ, ಹೇಗೆ ಇಡುವುದು ಎಂಬುದನ್ನು. ಕೇಳಲು ಸಪ್ಪೆ ವಿಷಯ. ಆದರೆ ಎಷ್ಟೋ ಮನೆಗಳಲ್ಲಿ ಹಾಡು ಹಾಳಾಗಿರುವುದು ಮೈಕಿನ ದೋಷದಿಂದಲ್ಲ, ಇಟ್ಟ ರೀತಿಯಿಂದ.

ಕಳೆದ ವರ್ಷ ಯಲ್ಲಾಪುರ ತಾಲ್ಲೂಕಿನ ಒಬ್ಬರು ನಮ್ಮಲ್ಲಿಗೆ ಬಂದರು. ತಾಯಿ ತೀರಿಕೊಂಡು ಮೂರು ತಿಂಗಳಾಗಿತ್ತು. ಮಗಳ ಮದುವೆ ಹತ್ತಿರದಲ್ಲಿತ್ತು. ಅಜ್ಜಿಯ ದನಿಯಲ್ಲೇ ಹಸೆಗೆ ಕರೆಯುವ ಹಾಡು ಆಗಬೇಕು ಎಂದು ಆ ಹುಡುಗಿಯ ಹಟ. ಹಾಡು ಇತ್ತು, ಅದರಲ್ಲಿ ಅನುಮಾನವಿಲ್ಲ. ಬದುಕಿದ್ದಾಗ ಮನೆಯವರೆಲ್ಲ ಸೇರಿ ಹಿಡಿದದ್ದೇ. ಅವರು ಫೋನ್ ತೆಗೆದು ತೋರಿಸಿದರು. ಇನ್ನೂರಕ್ಕೂ ಹೆಚ್ಚು ಫೈಲು. ಒಂದಿಷ್ಟು ‘ರೆಕಾರ್ಡಿಂಗ್ 31’, ‘ರೆಕಾರ್ಡಿಂಗ್ 32’. ಉಳಿದವು ವಾಟ್ಸಾಪಿನಲ್ಲಿ ಬಂದವು, ಉದ್ದದ ಅಂಕಿಗಳ ಹೆಸರಿನವು. ತಾಯಿ, ತಾಯಿಯ ಅಕ್ಕ, ಪಕ್ಕದ ಮನೆಯ ಅತ್ತೆ ಮೂವರೂ ಒಟ್ಟಿಗೆ ಹಾಡುತ್ತಿದ್ದವರು, ಒಂದೇ ಊರಿನ ರೂಢಿ, ಒಂದೇ ಎಳೆತ. ಎರಡು ಸಂಜೆ ಕೂತು ಕೇಳಿದೆವು. ಮೂವತ್ತನೆಯ ಫೈಲು ದಾಟುವ ಹೊತ್ತಿಗೆ ಮಗನಿಗೇ ಗೊಂದಲ. “ಇದು ಆಯಿದೋ, ದೊಡ್ಡಾಯಿದೋ” ಎಂದು ಅವರು ಮತ್ತೆ ಮತ್ತೆ ಹಿಂದಕ್ಕೆ ಹಾಕಿ ಕೇಳುತ್ತಿದ್ದರು. ಹೆತ್ತ ತಾಯಿಯ ದನಿ ಗುರುತಿಸಲಾಗುತ್ತಿಲ್ಲವಲ್ಲ ಎಂಬುದು ಅವರ ಮುಖದಲ್ಲಿ ಕಾಣುತ್ತಿತ್ತು. ನಾವು ನೋಡದವರ ಹಾಗೆ ಚಹಾ ತರಲು ಎದ್ದೆವು.

ಕೊನೆಗೆ ಸಿಕ್ಕಿತು. ಸಿಕ್ಕಿದ್ದು ಹೇಗೆಂದರೆ, ಒಂದು ಫೈಲಿನ ಶುರುವಿನಲ್ಲಿ ಮೊಮ್ಮಗುವೊಂದು “ಅಜ್ಜಿ, ಈಗ ನೀನು ಹೇಳು” ಎಂದಿತ್ತು. ಅಷ್ಟೇ ಗುರುತು. ಮಗು ಬಾಯಿ ಹಾಕಿರದಿದ್ದರೆ ಅದೂ ಇನ್ನೂರರಲ್ಲಿ ಒಂದಾಗಿಯೇ ಉಳಿಯುತ್ತಿತ್ತು.

ವಾಟ್ಸಾಪ್ ಫೈಲಿನ ಹೆಸರಿನಲ್ಲಿ ತಾರೀಕು ಇರುತ್ತದಲ್ಲ ಎಂದು ನೀವು ಕೇಳಬಹುದು. ಇರುತ್ತದೆ. ಆದರೆ ಅದು ನಿಮ್ಮ ಫೋನಿಗೆ ಬಂದ ತಾರೀಕು, ಹಾಡಿದ ತಾರೀಕಲ್ಲ. ಐದು ವರ್ಷದ ಹಿಂದಿನ ಹಾಡನ್ನು ನಿನ್ನೆ ಯಾರೋ ಕಳಿಸಿದರೆ ಅದು ನಿನ್ನೆಯದಾಗುತ್ತದೆ. ಕಂಪ್ಯೂಟರಿನಲ್ಲಿ ಕಾಣುವ ತಾರೀಕನ್ನೂ ನಂಬಬಾರದು, ಒಂದು ಕಡೆಯಿಂದ ಇನ್ನೊಂದು ಕಡೆಗೆ ನಕಲು ಮಾಡುವಾಗ ಅದು ಬದಲಾಗುವುದುಂಟು. ಕೈಯಲ್ಲಿ ಹಿಡಿಯುವ ಕೆಲವು ರೆಕಾರ್ಡರ್‌ಗಳ ಗಡಿಯಾರ, ಬ್ಯಾಟರಿ ಬಹಳ ದಿನ ತೆಗೆದಿಟ್ಟರೆ, ಎಷ್ಟೋ ವರ್ಷ ಹಿಂದಕ್ಕೆ ಹೋಗಿ ಕೂತಿರುತ್ತದೆ. ತಾರೀಕನ್ನು ನಾವೇ ಬರೆಯಬೇಕು. ಬರೆಯುವುದಕ್ಕಿಂತ ಮೊದಲು ಬಾಯಲ್ಲಿ ಹೇಳಬೇಕು.

ಅದು ನಮ್ಮ ಮೊದಲ ರೂಢಿ. ರೆಕಾರ್ಡರ್ ಒತ್ತಿದ ಕೂಡಲೆ, ಹಾಡಿಗೆ ಮೊದಲು, ನಾವು ಗಟ್ಟಿಯಾಗಿ ಹೇಳುತ್ತೇವೆ: ಇಂಥ ದಿನ, ಇಂಥ ತಾಲ್ಲೂಕು, ಇಂಥ ಊರು, ಹಾಡುವವರು ಇಂಥವರು, ಹಾಡು ಇಂಥದ್ದು. ಫೈಲಿನ ಹೆಸರು ಅಳಿಸಿ ಹೋದರೂ, ಫೋನು ಬದಲಾದರೂ, ಯಾರೋ ಅರ್ಧ ಕತ್ತರಿಸಿ ಸ್ಟೇಟಸ್ ಹಾಕಿದರೂ ಮೂಲ ಫೈಲಿನ ಒಳಗೆ ಆ ಮಾತು ಇರುತ್ತದೆ. ಮೊದಮೊದಲು ಹಾಡುವವರಿಗೆ ಇದು ತಮಾಷೆ. ಸಿದ್ದಾಪುರದ ಕಡೆಯ ಒಬ್ಬ ಅಜ್ಜಿ ನಮ್ಮನ್ನು ತಡೆದು, “ಅದು ಯಂದು ಹಾಡಲ್ಲ ತಮಾ, ಯನ್ನ ಅತ್ತೆದು. ಅವರ ಹೆಸರೂ ಹೇಳು” ಎಂದರು. ಅಂದಿನಿಂದ ‘ಯಾರಿಂದ ಕಲಿತದ್ದು’ ಎಂಬುದೂ ಸೇರಿತು. ಆ ಅತ್ತೆ ಮದುವೆಯಾಗಿ ಬಂದದ್ದು ಬೇರೆ ತಾಲ್ಲೂಕಿನಿಂದ. ಹಾಡಿನ ಧಾಟಿ ಸುತ್ತಲಿನ ಮನೆಗಳದ್ದಕ್ಕಿಂತ ಬೇರೆ ಯಾಕೆ ಎಂಬ ನಮ್ಮ ಪ್ರಶ್ನೆಗೆ ಉತ್ತರ ಅಲ್ಲೇ ಇತ್ತು.

ಇನ್ನು ಫೋಲ್ಡರು. ನಾವು ಇಟ್ಟುಕೊಂಡ ಕಟ್ಟಳೆ ಸಣ್ಣದು. ಒಂದು ಕೂಟಕ್ಕೆ ಒಂದು ಫೋಲ್ಡರ್. ಹೆಸರು ಹೀಗೆ: ‘2023-08-14_ಸಿದ್ದಾಪುರ_ಕಾನಸೂರು_ಬೀಸುವಹಾಡು’. ವರ್ಷ ಮೊದಲು, ಆಮೇಲೆ ತಿಂಗಳು, ಕೊನೆಗೆ ದಿನ. ನಮ್ಮ ರೂಢಿಯಂತೆ ದಿನವನ್ನು ಮೊದಲು ಬರೆದರೆ ಕಂಪ್ಯೂಟರ್ ಜನವರಿ 14, ಆಗಸ್ಟ್ 14, ಬೇರೆ ಬೇರೆ ವರ್ಷದ 14 ಎಲ್ಲವನ್ನೂ ಒಂದೇ ಕಡೆ ಗುಡ್ಡೆ ಹಾಕುತ್ತದೆ. ವರ್ಷ ಮೊದಲಿದ್ದರೆ ತಾನಾಗಿಯೇ ಕಾಲದ ಸಾಲಿನಲ್ಲಿ ನಿಲ್ಲುತ್ತದೆ. ತಾಲ್ಲೂಕಿನ ಹೆಸರು ಬಿಡಬೇಡಿ. ಸಿದ್ದಾಪುರ ಎಂದರೆ ನಮಗೆ ನಮ್ಮದೇ, ಆದರೆ ಕುಂದಾಪುರದ ಕಡೆ ಒಂದು ಸಿದ್ದಾಪುರ ಇದೆ, ಕೊಡಗಿನಲ್ಲೊಂದಿದೆ. ನಮ್ಮ ಮೂರು ತಾಲ್ಲೂಕಿನ ಒಳಗೇ ಒಂದೇ ಹೆಸರಿನ ಮಜಿರೆಗಳು ಎಷ್ಟಿವೆ ಎಂಬುದು ಅಂಚೆಯವರಿಗೇ ಗೊತ್ತು.

ಇಲ್ಲಿ ಕನ್ನಡದಲ್ಲಿ ಬರೆದು ತೋರಿಸಿದ್ದರೂ ಫೈಲಿಗೆ ನಾವು ಇಂಗ್ಲಿಷ್ ಅಕ್ಷರವನ್ನೇ ಬಳಸುತ್ತೇವೆ. ಕನ್ನಡದ ಹೆಸರು ಈಗಿನ ಫೋನುಗಳಲ್ಲಿ ಸರಿಯಾಗಿಯೇ ಕಾಣುತ್ತದೆ. ಜಿಪ್ ಮಾಡಿ ಕಳಿಸುವಾಗ, ಹಳೆಯ ಕಾರ್ ಸ್ಟೀರಿಯೊಗೆ ಪೆನ್‌ಡ್ರೈವ್ ಹಾಕಿದಾಗ ಕೆಲವು ಸಲ ಬರೀ ಚೌಕಗಳಾಗುತ್ತವೆ. ಇಂಗ್ಲಿಷಿನಲ್ಲಿ ಬರೆದರೆ ಇನ್ನೊಂದು ತಾಪತ್ರಯ: ಯಲ್ಲಾಪುರವನ್ನು ಮೂವರು ಮೂರು ಥರ ಬರೆಯುತ್ತಾರೆ. ಹುಡುಕಿದರೆ ಅರ್ಧ ಸಿಗುವುದಿಲ್ಲ. ಅದಕ್ಕೇ ಒಂದು ಹಾಳೆಯಲ್ಲಿ ಊರುಗಳ ಹೆಸರನ್ನು ಒಂದೇ ರೀತಿಯಲ್ಲಿ ಬರೆದು ಗೋಡೆಗೆ ಅಂಟಿಸಿದ್ದೇವೆ. ನಾವು ಮೂವರೂ ಅದನ್ನೇ ನೋಡಿ ಬರೆಯುವುದು.

ಆ ಫೋಲ್ಡರಿನ ಒಳಗೆ ಮತ್ತೆ ನಾಲ್ಕು. ಇವಕ್ಕೆ ನಾವಿಟ್ಟ ಹೆಸರು ಕೇಳಿ ಪೇಟೆಯ ಹುಡುಗರು ನಕ್ಕರು. ನಿಮಗೆ ಬೇಗ ಅರ್ಥವಾಗುತ್ತದೆ. ಹಸಿ, ಒಲೆ, ಚೀಲ, ಚೀಟಿ.

‘ಹಸಿ’ ಅಂದರೆ ರೆಕಾರ್ಡರಿನಿಂದ ಇಳಿಸಿದ ಹಾಗೇ ಇರುವ ಮೂಲ ಫೈಲು. ಅದನ್ನು ಯಾರೂ ಮುಟ್ಟುವಂತಿಲ್ಲ. ಹಸಿ ಅಡಿಕೆಯನ್ನು ಒಮ್ಮೆ ಬೇಯಿಸಿದ ಮೇಲೆ ಮತ್ತೆ ಹಸಿ ಮಾಡಲು ಬರುತ್ತದೆಯೇ? ಹಾಡೂ ಹಾಗೇ. ಮಳೆಯ ಸದ್ದು ತೆಗೆಯುತ್ತೇವೆ ಎಂದು ನಾಯ್ಸ್ ರಿಡಕ್ಷನ್ ಹಾಕುತ್ತಾರೆ. ತಗಡಿನ ಮಾಡಿನ ಮೇಲೆ ಬೀಳುವ ಮಳೆ ಹೋಗುತ್ತದೆ, ಜೊತೆಗೆ ಅಜ್ಜಿಯ ದನಿಯ ಅಂಚೂ ಹೋಗಿ, ನೀರೊಳಗಿಂದ ಹಾಡಿದ ಹಾಗೆ ಕೇಳುತ್ತದೆ. ಹಸಿ ಫೈಲು ಇದ್ದರೆ ಇನ್ನು ಹತ್ತು ವರ್ಷಕ್ಕೆ ಒಳ್ಳೆಯ ಸಾಧನ ಬಂದಾಗ ಮತ್ತೆ ನೋಡಬಹುದು. ನಮ್ಮನ್ನು ಕೇಳಿದರೆ ಆ ಮಳೆಯೂ ಇರಲಿ. ಜುಲೈ ತಿಂಗಳ ಹಾಡು ಎಂದು ಕೇಳಿದವರಿಗೆ ಗೊತ್ತಾಗುತ್ತದೆ.

‘ಒಲೆ’ ಕೆಲಸ ನಡೆಯುವ ಜಾಗ. ಸಾಫ್ಟ್‌ವೇರಿನ ಪ್ರಾಜೆಕ್ಟ್ ಇರುವುದು ಇಲ್ಲಿ. ತಾಳಮದ್ದಳೆಯಾದರೆ ಭಾಗವತರಿಗೊಂದು ಟ್ರ್ಯಾಕು, ಮದ್ದಳೆಗೊಂದು, ಅರ್ಥಧಾರಿಗಳಿಗೊಂದು. ‘ಟ್ರ್ಯಾಕ್ 1, ಟ್ರ್ಯಾಕ್ 2’ ಎಂದು ಬಿಡಬಾರದು, ‘01_ಭಾಗವತ, 02_ಮದ್ದಳೆ’ ಎಂದೇ ಬರೆಯಬೇಕು. ಇಲ್ಲೊಂದು ಮುಖ್ಯ ಮಾತು, ಮನೆಯಲ್ಲಿ ರೆಕಾರ್ಡ್ ಮಾಡುವ ಹುಡುಗರು ಗಮನಿಸಿ. ಪ್ರಾಜೆಕ್ಟ್ ಫೈಲು ಎಂಬುದು ಎಷ್ಟೋ ಸಾಫ್ಟ್‌ವೇರುಗಳಲ್ಲಿ ಹಾಡಲ್ಲ. ಹಾಡು ಎಲ್ಲಿದೆ ಎಂದು ಹೇಳುವ ವಿಳಾಸ ಮಾತ್ರ. ರೀಪರ್ ಹೀಗೇ. ಹಳೆಯ ಅಡಾಸಿಟಿಯೂ ಹಾಗೇ ಇತ್ತು: ಒಂದು ಸಣ್ಣ ಫೈಲು, ಪಕ್ಕದಲ್ಲಿ ನಿಜವಾದ ದನಿ ತುಂಬಿದ ಡೇಟಾ ಫೋಲ್ಡರು. ಸಣ್ಣ ಫೈಲನ್ನಷ್ಟೇ ಪೆನ್‌ಡ್ರೈವಿಗೆ ಹಾಕಿಕೊಂಡು ಹೋದವರು ಊರಿಗೆ ಹೋಗಿ ತೆರೆದರೆ ಸದ್ದೇ ಇಲ್ಲ. 2021ರಲ್ಲಿ ಬಂದ 3ನೇ ಆವೃತ್ತಿಯಿಂದ ಅಡಾಸಿಟಿ ಎಲ್ಲವನ್ನೂ ಒಂದೇ ಫೈಲಿನಲ್ಲಿ ಇಡುತ್ತದೆ. ಯಾವ ಸಾಫ್ಟ್‌ವೇರ್ ಆದರೂ ದನಿಯ ಫೈಲುಗಳ ನಕಲನ್ನು ಪ್ರಾಜೆಕ್ಟ್ ಫೋಲ್ಡರಿನ ಒಳಗೇ ಇಟ್ಟುಕೊಳ್ಳುವ ಹಾಗೆ ಮಾಡಿಕೊಳ್ಳಿ. ಡೌನ್‌ಲೋಡ್ಸ್‌ನಲ್ಲೊಂದು, ಡೆಸ್ಕ್‌ಟಾಪಿನಲ್ಲೊಂದು ಚೂರು ಬಿದ್ದಿದ್ದರೆ ಇವತ್ತು ನಡೆಯುತ್ತದೆ, ಲ್ಯಾಪ್‌ಟಾಪ್ ಬದಲಿಸಿದ ದಿನ ಕೈಕೊಡುತ್ತದೆ. ಕೆಲಸ ಮುಗಿದ ಮೇಲೆ ಪ್ರತಿ ಟ್ರ್ಯಾಕನ್ನೂ ಸೊನ್ನೆ ನಿಮಿಷದಿಂದ ಶುರುವಾಗುವ ಹಾಗೆ ಬೇರೆ ಬೇರೆ ವೇವ್ ಫೈಲಾಗಿ ತೆಗೆದಿಡುತ್ತೇವೆ. ಮುಂದೆ ಆ ಸಾಫ್ಟ್‌ವೇರೇ ಇಲ್ಲವಾದರೂ ಇನ್ಯಾವುದರಲ್ಲೋ ಒಂದರ ಕೆಳಗೊಂದು ಜೋಡಿಸಿದರೆ ತಾಳ ಕೂಡುತ್ತದೆ.

‘ಚೀಲ’ದಲ್ಲಿ ಮನೆಯವರಿಗೆ ಕೊಡುವ ಎಂಪಿ3. ‘ಫೈನಲ್, ಫೈನಲ್2, ಹೊಸ ಫೈನಲ್, ಇದೇ ಫೈನಲ್’ ಎಂದು ಹೆಸರಿಡುವ ಚಟ ಎಲ್ಲರಿಗೂ ಇದೆ. ನಾವು 1, 2, 3 ಎಂದು ಅಂಕಿ ಹಾಕುತ್ತೇವೆ, ದೊಡ್ಡ ಅಂಕಿಯೇ ಹೊಸದು.

ಜಾಗದ ಲೆಕ್ಕವನ್ನೂ ಹೇಳಿಬಿಡೋಣ. 128 ಕೆಬಿಪಿಎಸ್‌ನ ಎಂಪಿ3 ನಿಮಿಷಕ್ಕೆ ಸುಮಾರು 1 ಎಂಬಿ. ಸಿಡಿ ಗುಣಮಟ್ಟದ ಸ್ಟೀರಿಯೊ ವೇವ್ ನಿಮಿಷಕ್ಕೆ 10 ಎಂಬಿಗೂ ಮೇಲೆ. 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ ಹಿಡಿದರೆ ಗಂಟೆಗೆ ಸುಮಾರು 1 ಜಿಬಿ. ನಾಲ್ಕು ತಾಸಿನ ತಾಳಮದ್ದಳೆ 4 ಜಿಬಿ ದಾಟುತ್ತದೆ. ಎಫ್‌ಎಟಿ32 ಮಾದರಿಯ ಪೆನ್‌ಡ್ರೈವಿನಲ್ಲಿ 4 ಜಿಬಿಗಿಂತ ದೊಡ್ಡ ಒಂದೇ ಫೈಲು ಕೂರುವುದಿಲ್ಲ, ಸಾಮಾನ್ಯ ವೇವ್ ಫೈಲಿನ ಮಿತಿಯೂ ಅಷ್ಟೇ. ಅದಕ್ಕೇ ರೆಕಾರ್ಡರ್‌ಗಳು ಮಧ್ಯದಲ್ಲಿ ತುಂಡು ಮಾಡುತ್ತವೆ. ತುಂಡುಗಳ ಅಂಕಿ ಬದಲಿಸಬೇಡಿ, ಬದಲಿಸಿದರೆ ಕೃಷ್ಣ ಸಂಧಾನಕ್ಕೆ ಬರುವ ಮೊದಲೇ ಯುದ್ಧ ಮುಗಿದಿರುತ್ತದೆ.

ಈಗ ‘ಚೀಟಿ’. ಸೊಸೈಟಿಯಲ್ಲಿ ಅಡಿಕೆ ಟೆಂಡರಿಗೆ ಹಾಕಿದಾಗ ನೋಡಿರುತ್ತೀರಿ, ರಾಶಿ, ಚಾಲಿ, ಬೆಟ್ಟೆ ಬೇರೆ ಬೇರೆ. ಪ್ರತಿ ಗುಡ್ಡೆಗೂ ಚೀಟಿ. ಚೀಟಿ ಹಾರಿಹೋದರೆ ಮಾಲು ಎಷ್ಟೇ ಚೆನ್ನಾಗಿರಲಿ, ಯಾರದು ಎಂದು ಹೇಳುವುದು ಹೇಗೆ? ನಮ್ಮ ಚೀಟಿ ಫೋಲ್ಡರಿನಲ್ಲಿ ಒಂದು ಸಾದಾ ಟೆಕ್ಸ್ಟ್ ಫೈಲು ಇರುತ್ತದೆ. ಹಾಡಿದವರು, ಕಲಿಸಿದವರು, ಊರು, ಯಾವ ಸಂದರ್ಭದ ಹಾಡು, ಯಾವ ಭಾಷೆ, ರೆಕಾರ್ಡ್ ಮಾಡಿದವರು ಯಾರು. ಇದನ್ನು ಕನ್ನಡದಲ್ಲೇ ಬರೆಯುತ್ತೇವೆ. ಒಂದೆರಡು ಫೋಟೊ. ಮತ್ತೆ ಒಪ್ಪಿಗೆಯ ಮಾತು.

ಒಪ್ಪಿಗೆ ಎಂಬುದಕ್ಕೆ ನಾವು ಮೂರು ಪದ ಇಟ್ಟುಕೊಂಡಿದ್ದೇವೆ: ‘ಮನೆ’, ‘ಊರು’, ‘ಎಲ್ಲರಿಗೂ’. ಹಾಡಿದವರನ್ನೇ ಕೇಳಿ, ಅವರು ಹೇಳಿದ್ದನ್ನು ಅವರದೇ ದನಿಯಲ್ಲಿ ಹಿಡಿದು, ಚೀಟಿಯಲ್ಲಿ ಬರೆಯುತ್ತೇವೆ. ಇದು ಬೇಕೇ ಎಂದು ಕೇಳುವವರಿದ್ದಾರೆ. ಹೆಣ್ಣು ಒಪ್ಪಿಸಿಕೊಡುವ ಹಾಡು ಹೇಳುವಾಗ ಒಬ್ಬರು ನಡುವೆ ಅತ್ತುಬಿಟ್ಟರು. ಹಾಡು ಚೆನ್ನಾಗಿದೆ, ಕೇಳಿದವರ ಕಣ್ಣೂ ಒದ್ದೆಯಾಗುತ್ತದೆ, ಯೂಟ್ಯೂಬಿಗೆ ಹಾಕಿದರೆ ಓಡುತ್ತದೆ. ಅವರು ಹೇಳಿದ್ದು ‘ಮನೆ’. ಅದು ಮನೆಯಲ್ಲೇ ಇದೆ. ಫೈಲಿನ ಹೆಸರಿನ ಕೊನೆಗೆ ಆ ಪದ ಅಂಟಿಕೊಂಡಿರುವುದರಿಂದ ನಮ್ಮಲ್ಲಿ ಯಾರು ತೆರೆದರೂ ಕಾಣುತ್ತದೆ.

ಯಲ್ಲಾಪುರದ ಕಡೆ ಸಿದ್ದಿಯರ ಊರುಗಳಿಗೆ ಹೋದಾಗ ಇದರ ಇನ್ನೊಂದು ಮುಖ ಕಂಡೆವು. ಡಮಾಮಿ ಬಡಿದು ಕುಣಿಯುವುದನ್ನು ಹಿಡಿಯಲು ಕ್ಯಾಮೆರಾ ಹೊತ್ತು ಬರುವವರಿಗೆ ಅಲ್ಲಿ ಬರವಿಲ್ಲ. ಒಬ್ಬ ಹಿರಿಯರು ನಮ್ಮನ್ನು ಕೂರಿಸಿ ಕೇಳಿದ್ದು ಒಂದೇ: “ಎಲ್ಲಾರೂ ಹಿಡ್ಕೊಂಡು ಹೋಗ್ತಾರೆ. ನಮಗೆ ಒಂದು ಕಾಪಿ ಯಾರು ಕೊಟ್ಟಿದ್ದಾರೆ ಹೇಳಿ?” ಆ ಪ್ರಶ್ನೆ ನ್ಯಾಯವಾದದ್ದು. ಈಗ ಅದೇ ವಾರದೊಳಗೆ ಮೆಮೊರಿ ಕಾರ್ಡಿನಲ್ಲಿ ಹಾಕಿ ಕೊಡುತ್ತೇವೆ, ಹಸಿ ಫೈಲಿನ ಸಮೇತ. ಸಿದ್ದಿಯರಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಮೂವರೂ ಇದ್ದಾರೆ; ಮಾತಿನಲ್ಲಿ ಕೊಂಕಣಿ, ಕನ್ನಡ, ಮರಾಠಿ ಬೆರೆಯುತ್ತವೆ. ‘ಸಿದ್ದಿ ಹಾಡು’ ಎಂದಷ್ಟೇ ಬರೆದ ಚೀಟಿ ಏನನ್ನೂ ಹೇಳಿದ ಹಾಗಾಗುವುದಿಲ್ಲ.

ಚೀಟಿಯ ಬೆಲೆ ಏನೆಂದು ನಮಗೆ ಅರ್ಥವಾದದ್ದು ಡಿಪ್ಲೊಮಾ ಓದುವಾಗ ಕೇಳಿದ ಒಂದು ಸಂಗತಿಯಿಂದ. ಅರ್ನಾಲ್ಡ್ ಬಾಕೆ ಎಂಬ ಡಚ್ ವಿದ್ವಾಂಸ 1938ರಲ್ಲಿ ದಕ್ಷಿಣ ಭಾರತದಲ್ಲಿ ಓಡಾಡಿ ಹಾಡು, ಕುಣಿತಗಳನ್ನು ಹಿಡಿದಿದ್ದರು. 1984ರಲ್ಲಿ ನಜೀರ್ ಜೈರಾಜ್‌ಭೊಯ್ ಮತ್ತು ಏಮಿ ಕ್ಯಾಟ್ಲಿನ್ ಅದೇ ದನಿಗಳನ್ನು ಜೊತೆಗಿಟ್ಟುಕೊಂಡು ಕರ್ನಾಟಕ, ಕೇರಳದ ಅವೇ ಜಾಗಗಳನ್ನು ಹುಡುಕಿ ಹೋದರು. ನಡುವೆ 46 ವರ್ಷ. ಯಾವ ಊರು, ಯಾವ ಜನ ಎಂಬುದು ದಾಖಲೆಯಲ್ಲಿ ಇರದಿದ್ದರೆ ಅವರು ಎಲ್ಲಿಗೆ ಹೋಗಬೇಕಿತ್ತು? ನಮ್ಮ ಜಿಲ್ಲೆಯ ಹಾಡು, ಕತೆಗಳನ್ನು ಊರೂರು ತಿರುಗಿ ಕೂಡಿಸಿದ ಡಾ. ಎಲ್. ಆರ್. ಹೆಗಡೆಯವರ ಕಾಲದಲ್ಲಿ ಜಾಗ ಇದ್ದದ್ದು ಕಾಗದದಲ್ಲಿ. ಈಗ ಅಂಗೈಯಲ್ಲಿ 128 ಜಿಬಿ ಇದೆ, ಹೆಸರು ಬರೆಯಲು ಮಾತ್ರ ಪುರುಸೊತ್ತಿಲ್ಲ.

ಕ್ಯಾಸೆಟ್ಟಿನ ಕಾಲದವರೂ ಇದರಲ್ಲಿ ನಮಗಿಂತ ಬಹಳ ಮುಂದೇನೂ ಇರಲಿಲ್ಲ. ಕಾಳಿಂಗ ನಾವಡರು 1990ರಲ್ಲಿ, ಇನ್ನೂ ಚಿಕ್ಕ ಪ್ರಾಯದಲ್ಲೇ ತೀರಿಕೊಂಡರು. ಅವರ ಪದ ಇವತ್ತಿಗೂ ಕೇಳಲು ಸಿಗುತ್ತದೆಂದರೆ ಆಟ ನಡೆಯುವಲ್ಲಿ ಟೇಪ್ ರೆಕಾರ್ಡರ್ ಇಟ್ಟು ಕೂತ ಅಭಿಮಾನಿಗಳ ಪುಣ್ಯವೂ ಅದರಲ್ಲಿದೆ. ಆದರೆ ಎಷ್ಟೋ ಕ್ಯಾಸೆಟ್ಟಿನ ಮೇಲೆ ‘ಯಕ್ಷಗಾನ’ ಎಂದಷ್ಟೇ ಬರೆದಿರುತ್ತದೆ. ಯಾವ ಮೇಳ, ಯಾವ ಊರಿನ ಆಟ, ಮದ್ದಳೆಗೆ ಯಾರು? ಒಂದು ಕ್ಯಾಸೆಟ್ ಹಾಕಿದರೆ ಜಗಲಿಯಲ್ಲಿ ಕೂತವರಲ್ಲಿ ಎರಡು ಪಕ್ಷವಾಗುತ್ತದೆ, ಇದು ನೆಬ್ಬೂರು ಭಾಗವತರದ್ದು ಎಂದು ಒಂದು, ಅಲ್ಲ, ಕಡತೋಕದವರದ್ದು ಎಂದು ಇನ್ನೊಂದು. ವಾದ ಸ್ವಾರಸ್ಯವಾಗಿಯೇ ಇರುತ್ತದೆ. ವಾದಿಸಬಲ್ಲ ಕಿವಿಗಳು ಮಾತ್ರ ವರ್ಷ ವರ್ಷ ಕಡಿಮೆಯಾಗುತ್ತಿವೆ.

ನಕಲು ಎಷ್ಟಿರಬೇಕು ಎಂಬುದು ಕೊನೆಯ ಪ್ರಶ್ನೆ. ಮಲೆನಾಡಿನಲ್ಲಿ ಮೂರಕ್ಕಿಂತ ಕಡಿಮೆ ಬೇಡ. ಏಪ್ರಿಲ್, ಮೇ ತಿಂಗಳ ಸಿಡಿಲು ಗೊತ್ತಲ್ಲ. ಲ್ಯಾಪ್‌ಟಾಪಿಗೆ ಸಿಕ್ಕಿಸಿಯೇ ಇಟ್ಟ ಹಾರ್ಡ್‌ಡಿಸ್ಕ್ ಇದ್ದರೆ ಎರಡೂ ಒಟ್ಟಿಗೇ ಹೋಗಬಹುದು. ಅದು ಎರಡು ನಕಲಲ್ಲ, ಒಂದೇ. ಹಾಕಿ, ತೆಗೆದು, ಬೇರೆ ಇಡಬೇಕು. ಮಳೆಗಾಲದ ತಂಪಿಗೆ ಬೂಸ್ಟು ಹಿಡಿಯದ ಸಾಮಾನೇ ಇಲ್ಲ, ಅದಕ್ಕೆ ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪುಡಿಕೆ ಹಾಕಿ ಇಡುತ್ತೇವೆ. ಶಿರಸಿಯ ಹಾಡುಗಳ ಒಂದು ನಕಲು ಯಲ್ಲಾಪುರದಲ್ಲಿ, ಯಲ್ಲಾಪುರದ್ದು ಸಿದ್ದಾಪುರದಲ್ಲಿ, ಅಲ್ಲಿಯದು ಇಲ್ಲಿ. ತಿಂಗಳಿಗೊಮ್ಮೆ ಯಾರಾದರೂ ಬಸ್ಸಿನಲ್ಲಿ ಹೋಗುವಾಗ ಡಬ್ಬಿ ಬದಲಾಗುತ್ತದೆ. ಇಂಟರ್‌ನೆಟ್ಟಿನಲ್ಲಿ ಇಡಬಾರದೇ ಎಂದರೆ, ಇಡಬಹುದು. ಗೂಗಲ್ ಪುಕ್ಕಟೆ ಕೊಡುವುದು 15 ಜಿಬಿ, ಅದರಲ್ಲಿ ನಿಮ್ಮ ಮೇಲ್, ಫೋಟೊ ಎಲ್ಲ ಸೇರಿ. ಗುಡ್ಡ ಹತ್ತಿದರೆ ಮಾತ್ರ ಸಿಗ್ನಲ್ ಸಿಗುವ ಊರಿನಲ್ಲಿ ನಾಲ್ಕು ಜಿಬಿ ಏರಿಸುತ್ತ ಕೂರುವುದಕ್ಕಿಂತ ಬಸ್ಸೇ ಬೇಗ. ರೆಕಾರ್ಡರಿನ ಕಾರ್ಡನ್ನು, ಎರಡು ಕಡೆ ಇಳಿಸಿ, ಎರಡು ಕಡೆಯೂ ತೆರೆದು ಕೇಳಿ ನೋಡುವ ತನಕ ಅಳಿಸುವುದಿಲ್ಲ.

ಇಷ್ಟಕ್ಕೆಲ್ಲ ಕಂಪ್ಯೂಟರ್ ಬೇಕೆಂದಿಲ್ಲ. ನಿಮ್ಮ ಬಳಿ ಫೋನ್ ಮಾತ್ರ ಇದ್ದರೆ ಫೈಲ್ ಮ್ಯಾನೇಜರ್ ತೆರೆದು ‘ಹಾಡು’ ಎಂದು ಒಂದು ಫೋಲ್ಡರ್ ಮಾಡಿ. ಹಿಡಿದ ದಿನವೇ, ಮಲಗುವ ಮೊದಲು, ಫೈಲನ್ನು ಒತ್ತಿ ಹಿಡಿದು ಹೆಸರು ಬದಲಿಸಿ. ಮರುದಿನಕ್ಕೆ ಬಿಟ್ಟರೆ ವರ್ಷಕ್ಕೆ ಬಿಟ್ಟ ಹಾಗೇ. ಇನ್ನೊಬ್ಬರಿಗೆ ಕಳಿಸುವಾಗ ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಎಂದು ಆರಿಸಿ ಕಳಿಸಿದರೆ ನೀವಿಟ್ಟ ಹೆಸರೂ ಉಳಿಯುತ್ತದೆ, ದನಿಯೂ ಇದ್ದ ಹಾಗೇ ಹೋಗುತ್ತದೆ.

ಮುಂದಿನ ವಾರ ಸಿದ್ದಾಪುರದ ಹತ್ತಿರದ ಒಂದು ಮನೆಗೆ ಹೋಗುವುದಿದೆ. ಅಟ್ಟದ ಮೇಲೆ ಒಂದು ಟ್ರಂಕು ಕ್ಯಾಸೆಟ್ ಸಿಕ್ಕಿದೆಯಂತೆ, ಕೆಲವಕ್ಕೆ ಬೂಸ್ಟು ಬಂದಿದೆಯಂತೆ. ನಮ್ಮ ಟೇಪ್ ಡೆಕ್ಕಿನ ಬೆಲ್ಟ್ ಸಡಿಲವಾಗಿದ್ದು ರಿಪೇರಿಗೆ ಕೊಟ್ಟಿದ್ದೇವೆ. ಆ ಮನೆಯವರಿಗೆ ಫೋನಿನಲ್ಲಿ ಹೇಳಿದ್ದು ಇಷ್ಟೇ: ನಾವು ಬರುವ ತನಕ ಯಾವುದನ್ನೂ ಹಾಕಿ ನೋಡಬೇಡಿ, ಒರೆಸಲೂ ಬೇಡಿ. ಮೊದಲು ಪ್ರತಿ ಕ್ಯಾಸೆಟ್ಟಿನ ಎರಡೂ ಬದಿಯ ಬರಹದ ಫೋಟೊ ತೆಗೆಯಿರಿ, ಪೆನ್ಸಿಲಿನಲ್ಲಿ ಬರೆದದ್ದಿದ್ದರೆ ಕಿಟಕಿಯ ಬೆಳಕಿಗೆ ಹಿಡಿದು. ಅಷ್ಟರಲ್ಲಿ ಮನೆಯ ಅಜ್ಜ ಎದ್ದು ಕೂತಿದ್ದರೆ ಪಕ್ಕದಲ್ಲಿ ಕೂರಿಸಿಕೊಳ್ಳಿ, ಅದು ಯಾರ ಅಕ್ಷರ ಎಂದು ಕೇಳಿ.